ಹುಷಾರಿಲ್ಲದ ಎಂಟು ಮಕ್ಕಳು

ಆ ಶನಿವಾರ ಬೆಳಗ್ಗೆ ಸ್ಕೋರ್‌ಶೀಟಿನಲ್ಲಿ ಗೋಲು ಬರೆಯುವ ಸಾಲುಗಳು ಮುಗಿದುಹೋದವು. ಎದುರಾಳಿ ತಂಡಕ್ಕೆ ಇದ್ದದ್ದು ಹನ್ನೆರಡು ಸಾಲು. ಹದಿಮೂರನೆಯ ಗೋಲನ್ನು ಹಾಳೆಯ ಅಂಚಿನಲ್ಲಿ ಬರೆದೆ. ನಮ್ಮ ತಂಡದ ಸಾಲುಗಳೆಲ್ಲ ಖಾಲಿ. ಗಾಜಿನ ಆಚೆ ನಮ್ಮ ಗೋಲ್‌ಕೀಪರ್, ಒಂಬತ್ತು ವರ್ಷದ ಹುಡುಗಿ, ಮೊದಮೊದಲು ಪ್ರತಿ ಗೋಲಿನ ನಂತರ ಬಲೆಯಿಂದ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ತಾನೇ ಕೋಲಿನಲ್ಲಿ ಹೊರಗೆ ತಳ್ಳಿ ರೆಫರಿಗೆ ಕೊಡುತ್ತಿದ್ದಳು. ಏಳನೆಯದರ ನಂತರ ಅದನ್ನು ಬಿಟ್ಟಳು. ಹತ್ತನೆಯದರ ನಂತರ ಬಲೆಗೆ ಬೆನ್ನು ಒರಗಿಸಿ ನಿಂತುಬಿಟ್ಟಳು. ಗಡಿಯಾರ ನಿಲ್ಲಿಸದೆ ಓಡಿಸಿ ಎಂದು ರೆಫರಿ ನನಗೆ ಕೈಸನ್ನೆ ಮಾಡಿದ. ಅಂತರ ಹೆಚ್ಚಾದಾಗ ಆಟ ಬೇಗ ಮುಗಿಯಲೆಂದು ಮಾಡಿಕೊಂಡ ನಿಯಮ ಅದು. ಆ ಮಗುವಿನ ಮಟ್ಟಿಗೆ ಅದು ಬೇಗ ಮುಗಿಯಲಿಲ್ಲ.

ಅದು ೨೦೨೨ರ ಶರತ್ಕಾಲ. ಸ್ಯಾನ್ ಡಿಯೇಗೊದ ಒಂದು ಐಸ್ ರಿಂಕ್‌ನಲ್ಲಿ ಮಕ್ಕಳ ಐಸ್ ಹಾಕಿ ಕ್ಲಬ್ಬಿಗೆ ನಾನು ರಿಜಿಸ್ಟ್ರಾರ್ ಆಗಿದ್ದೆ. ಮಕ್ಕಳ ಜನನ ಪ್ರಮಾಣಪತ್ರ ನೋಡಿ ಯಾರು ಯಾವ ವಯಸ್ಸಿನ ವಿಭಾಗಕ್ಕೆ ಎಂದು ನಮೂದಿಸುವುದು, ತಂಡಗಳ ಪಟ್ಟಿಗೆ ಸಹಿ ಹಾಕಿ ಲೀಗಿಗೆ ಕಳಿಸುವುದು ನನ್ನ ಕೆಲಸ. ವಾರಾಂತ್ಯದಲ್ಲಿ ಬೇರೆ ಯಾರೂ ಸಿಗದಿದ್ದರೆ ಸ್ಕೋರ್ ಬರೆಯಲೂ ಕೂರುತ್ತಿದ್ದೆ. ಮೈಸೂರಿನಲ್ಲಿ ಬೆಳೆದ ನಾನು ಸ್ಕೇಟ್ ಕಟ್ಟಿ ಐಸ್ ಮೇಲೆ ಒಂದು ದಿನವೂ ನಿಂತವಳಲ್ಲ. ಆದರೆ ಈ ಆಟದ ಕಾಗದಪತ್ರ ನನಗೆ ಕೋಚುಗಳಿಗಿಂತ ಚೆನ್ನಾಗಿ ಗೊತ್ತಿತ್ತು.

ಆಟವನ್ನು ಎರಡು ರೀತಿಯಲ್ಲಿ ಭಾಗ ಮಾಡುತ್ತಾರೆ. ಮೊದಲನೆಯದು ವಯಸ್ಸು. ‘ಟೆನ್-ಯು’ ಎಂದರೆ ಹತ್ತು ವರ್ಷದವರೆಗಿನವರು, ‘ಟ್ವೆಲ್ವ್-ಯು’ ಎಂದರೆ ಹನ್ನೆರಡರವರೆಗಿನವರು. ಲೆಕ್ಕ ಹಿಡಿಯುವುದು ಹುಟ್ಟಿದ ವರ್ಷದಿಂದ. ಎರಡು ವರ್ಷಗಳಲ್ಲಿ ಹುಟ್ಟಿದವರೆಲ್ಲ ಒಂದು ವಿಭಾಗ. ಮೊದಲ ವರ್ಷದ ಜನವರಿಯಲ್ಲಿ ಹುಟ್ಟಿದವನೂ ಮರುವರ್ಷದ ಡಿಸೆಂಬರಿನಲ್ಲಿ ಹುಟ್ಟಿದವಳೂ ಒಂದೇ ಐಸ್ ಮೇಲೆ. ಇದರಲ್ಲಿ ಮೋಸ ಮಾಡುವುದು ಕಷ್ಟ, ಪ್ರಮಾಣಪತ್ರ ಇದೆ. ಎರಡನೆಯದು ಆಟದ ಮಟ್ಟ. ಹೊಸದಾಗಿ ಕಲಿಯುವವರಿಗೆ ‘ಬಿ’, ಸ್ವಲ್ಪ ಪಳಗಿದವರಿಗೆ ‘ಬಿಬಿ’, ಗಟ್ಟಿಗರಿಗೆ ‘ಎ’. ಇದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಸೀಸನ್ ಶುರುವಿನಲ್ಲಿ ಎರಡು ವಾರಾಂತ್ಯ ಪ್ಲೇಸ್‌ಮೆಂಟ್ ಪಂದ್ಯಗಳು ಅಂತ ನಡೆಯುತ್ತವೆ. ಅಲ್ಲಿ ಪ್ರತಿ ತಂಡ ನಾಲ್ಕು ಸಲ ಆಡುತ್ತದೆ. ಅದರ ಫಲಿತಾಂಶ ನೋಡಿ ಲೀಗಿನ ಸಮಿತಿ ಯಾರು ಯಾವ ಮಟ್ಟ ಎಂದು ತೀರ್ಮಾನಿಸುತ್ತದೆ. ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಆ ನಾಲ್ಕು ಪಂದ್ಯಗಳಲ್ಲಿ ದೊಡ್ಡವರು ಮಕ್ಕಳನ್ನು ನಿಜವಾಗಿ ಆಡಿಸುತ್ತಾರೆ ಎಂಬುದು.

ಹದಿಮೂರು ಗೋಲು ಹೊಡೆದದ್ದು ಲಾಸ್ ಏಂಜಲಿಸ್ ಕಡೆಯ, ಸ್ಯಾನ್ ಫರ್ನಾಂಡೊ ವ್ಯಾಲಿಯ ಒಂದು ಕ್ಲಬ್ಬಿನ ಟೆನ್-ಯು ತಂಡ. ಅವರದೂ ‘ಬಿ’ ಮಟ್ಟ, ನಮ್ಮದೂ ‘ಬಿ’ ಮಟ್ಟ.

ಸೋಮವಾರ ಗೋಲ್‌ಕೀಪರ್ ಹುಡುಗಿಯ ತಂದೆ ನನ್ನ ಕೌಂಟರಿಗೆ ಬಂದರು. ಉಡುಪಿ ಕಡೆಯವರು, ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ, ಎಂಜಿನಿಯರ್. ಅವರ ಇಬ್ಬರು ಹೆಣ್ಣುಮಕ್ಕಳೂ ನಮ್ಮಲ್ಲೇ ಆಡುತ್ತಿದ್ದರು. ಚಿಕ್ಕವಳು ಟೆನ್-ಯು ಗೋಲ್‌ಕೀಪರ್. ಹನ್ನೆರಡರ ದೊಡ್ಡವಳು ಟ್ವೆಲ್ವ್-ಯು ತಂಡದಲ್ಲಿ ಫಾರ್ವರ್ಡ್, ಆ ತಂಡದಲ್ಲಿ ಅವಳಿಗಿಂತ ವೇಗದವರು ಇರಲಿಲ್ಲ. ನಾನು ಅವರಿಗಿಂತ ಏಳೆಂಟು ವರ್ಷ ದೊಡ್ಡವಳಾದ್ದರಿಂದ ಅಕ್ಕ ಎಂದು ಕರೆಯುತ್ತಿದ್ದರು. ಭಾನುವಾರವಿಡೀ ಮಗು ಕೋಣೆಯಿಂದ ಹೊರಗೆ ಬಂದಿಲ್ಲ, ಪ್ಯಾಡುಗಳನ್ನು ಗ್ಯಾರೇಜಿನಲ್ಲಿ ಇಟ್ಟು ಇನ್ನು ಮುಟ್ಟುವುದಿಲ್ಲ ಎಂದಿದ್ದಾಳೆ ಎಂದು ಹೇಳಿದರು.

“ಅದು ಬಿ ಟೀಮಾ ಅಕ್ಕ? ಆ ಮಕ್ಕಳು ಹಿಂದಕ್ಕೆ ಸ್ಕೇಟ್ ಮಾಡ್ಕೊಂಡೇ ಪಾಸ್ ಕೊಡ್ತಾರೆ. ಇದೆಂತ ನ್ಯಾಯ? ನೀವು ರಿಜಿಸ್ಟ್ರಾರ್ ಅಲ್ವಾ, ನೀವು ಕೇಳ್ಬೇಕಲ್ಲ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನೋಡ್ತೀನಿ ಎಂದೆ.

ನಮ್ಮ ಹಾಕಿ ಡೈರೆಕ್ಟರ್, ಅಂದರೆ ನನ್ನ ಮೇಲಧಿಕಾರಿ, ಕೇಳಿದ ತಕ್ಷಣ ಉತ್ಸಾಹಗೊಂಡ. ಖಂಡಿತ ದೂರು ಕೊಡೋಣ, ನೀನೇ ತಯಾರು ಮಾಡು, ಕಾಗದದಲ್ಲಿ ನಿನ್ನಷ್ಟು ಗಟ್ಟಿ ಯಾರಿದ್ದಾರೆ ಎಂದ. ಲೀಗಿಗೆ ಬರೆದು ವ್ಯಾಲಿ ತಂಡದ ಪ್ಲೇಸ್‌ಮೆಂಟ್ ಪಂದ್ಯಗಳ ನಾಲ್ಕು ಸ್ಕೋರ್‌ಶೀಟ್ ತರಿಸಿಕೊಂಡೆ. ಆಮೇಲೆ ನಡೆದ ಆರು ಪಂದ್ಯಗಳವೂ ಬಂದವು. ಮೀರಾ ಮೆಸಾದ ನಮ್ಮ ಮನೆಯ ಊಟದ ಮೇಜಿನ ಮೇಲೆ ಎಲ್ಲವನ್ನೂ ಸಾಲಾಗಿ ಹರಡಿದೆ.

ಸ್ಕೋರ್‌ಶೀಟಿನಲ್ಲಿ ತಂಡದ ಎಲ್ಲರ ಹೆಸರು, ಜರ್ಸಿ ನಂಬರು ಮೊದಲೇ ಅಚ್ಚಾಗಿರುತ್ತದೆ. ಆ ದಿನ ಬಾರದವರ ಹೆಸರಿನ ಮೇಲೆ ಪಂದ್ಯಕ್ಕೆ ಮುಂಚೆ ಗೆರೆ ಎಳೆದು, ಕಾರಣ ಬರೆದು, ಕೋಚ್ ಸಹಿ ಹಾಕಬೇಕು. ಪ್ಲೇಸ್‌ಮೆಂಟಿನ ನಾಲ್ಕೂ ಹಾಳೆಗಳಲ್ಲಿ ಅದೇ ಐದು ನಂಬರುಗಳ ಮೇಲೆ ಗೆರೆ ಇತ್ತು. ಕಾರಣ: ಹುಷಾರಿಲ್ಲ. ನಾಲ್ಕೂ ಪಂದ್ಯ ಅವರು ಸೋತಿದ್ದರು. ನಂತರದ ಆರು ಹಾಳೆಗಳಲ್ಲಿ ಆ ಐವರಲ್ಲಿ ಒಬ್ಬರ ಮೇಲೂ ಗೆರೆಯಿಲ್ಲ. ಗೋಲಿನ ಸಾಲುಗಳಲ್ಲಿ ಒಂದೊಂದಾಗಿ ಆ ನಂಬರುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಕೊನೆಗೆ ಕೆಂಪಾಗದೆ ಉಳಿದದ್ದು ಬೆರಳೆಣಿಕೆಯಷ್ಟು.

ನೋಡದೆ ಬರೆಯಬಾರದು ಎಂದು ಮುಂದಿನ ಶನಿವಾರ ಕಾರು ತೆಗೆದುಕೊಂಡು ವ್ಯಾಲಿಗೆ ಹೋದೆ. ನಾನೂರೈದು ನಂಬರಿನ ಹೆದ್ದಾರಿಯಲ್ಲಿ ಸೆಪಲ್ವೆಡ ಏರಿನ ಹತ್ತಿರ ಸಿಕ್ಕಿಬಿದ್ದು, ನಾರ್ತ್‌ರಿಜ್ ಆಚೆಯ ರಿಂಕ್ ಸೇರಲು ಮೂರೂವರೆ ಗಂಟೆ ಹಿಡಿಯಿತು. ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತೆ. ಆ ಐದು ಮಕ್ಕಳು ಐಸಿಗೆ ಇಳಿದ ರೀತಿಯಲ್ಲೇ ಗೊತ್ತಾಯಿತು. ತಿರುಗುವಾಗ ಅವರ ಸ್ಕೇಟು ಐಸನ್ನು ಕಚ್ಚುತ್ತಿತ್ತು. ಎದುರಾಳಿ ಮಕ್ಕಳು ತಿರುಗುವಾಗ ಬೀಳುತ್ತಿದ್ದರು. ಹತ್ತು ನಿಮಿಷಕ್ಕೆ ಐದು ಗೋಲು. ಆ ಎದುರಾಳಿಗಳು ಮರುಭೂಮಿ ಕಡೆಯ ಸಣ್ಣ ಊರಿನವರು, ಬೆಳಗಿನ ಜಾವ ಎದ್ದು ಬಂದಿರಬೇಕು. ಅವರ ತಾಯಂದಿರು ಮೊದಲು ಕೂಗಿ ಹುರಿದುಂಬಿಸುತ್ತಿದ್ದರು, ಆಮೇಲೆ ಕಾಫಿ ತರಲು ಎದ್ದು ಹೋದರು.

ಪಂದ್ಯ ಮುಗಿದ ಮೇಲೆ ವ್ಯಾಲಿಯ ಕೋಚನ್ನು ಲಾಬಿಯಲ್ಲಿ ಹಿಡಿದೆ. ನಾನು ಯಾರೆಂದು ಹೇಳಿ, ಪ್ಲೇಸ್‌ಮೆಂಟಿನ ಎರಡೂ ವಾರ ಐದು ಮಕ್ಕಳಿಗೂ ಒಟ್ಟಿಗೆ ಏನು ಕಾಯಿಲೆ ಬಂದಿತ್ತು ಎಂದು ಕೇಳಿದೆ. ಆತ ನಾಚಲಿಲ್ಲ, ಸಿಟ್ಟೂ ಆಗಲಿಲ್ಲ. ನನ್ನ ಜಾಕೆಟ್ಟಿನ ಮೇಲಿನ ಕ್ಲಬ್ಬಿನ ಹೆಸರನ್ನು ಓದಿ ನಕ್ಕ. ನಿಮ್ಮ ಟ್ವೆಲ್ವ್-ಯು ಮಕ್ಕಳಿಗೆ ಬಂದದ್ದೇ ಬಂದಿತ್ತು ಎಂದ.

ವಾಪಸು ಬರುವಾಗ ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೆ. ಸಿಕ್ಕಿಬಿದ್ದವನು ಎದುರಿಗಿದ್ದವರ ಮೇಲೆ ಕೆಸರು ಎರಚುವುದು ಇದ್ದದ್ದೇ ಎಂದುಕೊಂಡೆ. ಆದರೂ ಭಾನುವಾರ ಬೆಳಗ್ಗೆ ಆಫೀಸಿನ ಬೀಗ ತೆಗೆದು ನಮ್ಮದೇ ಟ್ವೆಲ್ವ್-ಯು ತಂಡದ ಪ್ಲೇಸ್‌ಮೆಂಟ್ ಹಾಳೆಗಳನ್ನು ಹೊರತೆಗೆದೆ.

ಮೊದಲ ವಾರಾಂತ್ಯ ಎರಡು ಪಂದ್ಯ, ಎರಡನ್ನೂ ಸುಲಭವಾಗಿ ಗೆದ್ದಿದ್ದರು. ಎರಡನೆಯ ವಾರಾಂತ್ಯ ಮೂರು ಹೆಸರುಗಳ ಮೇಲೆ ಗೆರೆ, ಎರಡೂ ಪಂದ್ಯ ಸೋಲು. ಕಾರಣ: ಹುಷಾರಿಲ್ಲ. ಅಕ್ಷರ ನನ್ನದು. ಆ ದಿನ ಸ್ಕೋರ್ ಬರೆಯಲು ಕೂತವಳು ನಾನೇ. ಕೋಚ್ ಬಂದು ಮೂವರಿಗೆ ಹುಷಾರಿಲ್ಲ ಎಂದಿದ್ದ, ನಾನು ಗೆರೆ ಎಳೆದಿದ್ದೆ, ಅವನು ಸಹಿ ಹಾಕಿದ್ದ. ಆ ಮೂರರಲ್ಲಿ ಒಂದು ಹೆಸರು ಆ ಉಡುಪಿಯವರ ದೊಡ್ಡ ಮಗಳದು. ಅದೇ ಮಧ್ಯಾಹ್ನ ಅವಳು ಲಾಬಿಯಲ್ಲಿ ಕೂತು ಫ್ರೈಸ್ ತಿನ್ನುತ್ತಿದ್ದದ್ದನ್ನು ನಾನು ನೋಡಿದ್ದೆ. ನೋಡಿ ಮುಂದೆ ಹೋಗಿದ್ದೆ. ಹುಷಾರಿಲ್ಲದ ಮಗು ಇಲ್ಲೇಕಿದೆ ಎಂದು ನನಗೆ ಹೊಳೆದಿರಲಿಲ್ಲವೋ ಅಥವಾ ಹೊಳೆದದ್ದನ್ನು ಮುಚ್ಚಿಟ್ಟೆನೋ, ಈಗಲೂ ಖಚಿತವಾಗಿ ಹೇಳಲಾರೆ. ಆಮೇಲೆ ಆ ತಂಡ ‘ಬಿ’ ಮಟ್ಟದಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಒಂದು ಸಣ್ಣ ಕ್ಲಬ್ಬಿನ ವಿರುದ್ಧ ಒಂಬತ್ತು–ಸೊನ್ನೆ. ಆ ವಾರ ನಮ್ಮ ಆಫೀಸಿಗೆ ಕೇಕ್ ಬಂದಿತ್ತು. ನಾನೂ ತಿಂದಿದ್ದೆ.

ಸೋಮವಾರ ಡೈರೆಕ್ಟರ್ ಮುಂದೆ ಎರಡೂ ಕಟ್ಟುಗಳನ್ನು ಇಟ್ಟೆ. ಅವನು ವ್ಯಾಲಿಯ ಕಟ್ಟನ್ನು ಹತ್ತಿರ ಎಳೆದುಕೊಂಡು, ನಮ್ಮದನ್ನು ಒಂದು ಬೆರಳಿನಲ್ಲಿ ನನ್ನ ಕಡೆ ಸರಿಸಿದ. ಅದನ್ನು ಯಾರೂ ಕೇಳಿಲ್ಲ ಎಂದ. ಎರಡೂ ಒಂದೇ ಅಲ್ಲ, ಅವರದು ಐದು ಮಕ್ಕಳು ನಾಲ್ಕು ಪಂದ್ಯ, ನಮ್ಮದು ಮೂರು ಮಕ್ಕಳು ಎರಡು ಪಂದ್ಯ ಎಂದ. ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದ ಮನುಷ್ಯ ನನ್ನೆದುರು ಸುಳ್ಳನ್ನು ತಕ್ಕಡಿಯಲ್ಲಿಟ್ಟು ತೂಗಿದ. ಇದು ಮೊದಲೇ ಗೊತ್ತಿತ್ತೆ ಎಂದು ಕೇಳಿದೆ. ಕೋಚುಗಳು ಮಾಡುವುದನ್ನೆಲ್ಲ ತಾನು ಕೇಳುತ್ತ ಕೂರುವುದಿಲ್ಲ ಎಂಬ ಉತ್ತರ ಬಂತು. ಗೊತ್ತಿತ್ತು ಎನ್ನಲು ಅಷ್ಟು ಸಾಕು.

ದೂರಿನ ಅರ್ಜಿ ಎರಡು ಪುಟ. ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಒಂದು ಸಾಲು ಇದೆ: ದೂರು ಕೊಡುತ್ತಿರುವ ಕ್ಲಬ್ಬಿನ ಎಲ್ಲ ತಂಡಗಳ ದಾಖಲೆಗಳನ್ನು ಪರಿಶೀಲಿಸಿದ್ದೇನೆ, ಅವು ಸತ್ಯವಾಗಿವೆ. ಅದರ ಕೆಳಗೆ ರಿಜಿಸ್ಟ್ರಾರ್ ಸಹಿ. ಡೈರೆಕ್ಟರದ್ದಲ್ಲ, ಕೋಚಿನದ್ದಲ್ಲ, ನನ್ನದು. ಮಂಗಳವಾರ ಬೆಳಗ್ಗೆಯೆಲ್ಲ ಆ ಸಾಲಿನ ಮುಂದೆ ಕೂತೆ. ಮೂರು ದಾರಿಗಳಿದ್ದವು. ಸುಳ್ಳು ಸಹಿ ಹಾಕಿ ದೂರು ಕಳಿಸುವುದು. ದೂರನ್ನೇ ಕೈಬಿಟ್ಟು ಆ ಚಿಕ್ಕವಳನ್ನು ಇನ್ನೆರಡು ಸಲ ಅದೇ ತಂಡದ ಮುಂದೆ ನಿಲ್ಲಿಸುವುದು. ವೇಳಾಪಟ್ಟಿಯ ಪ್ರಕಾರ ಇನ್ನೆರಡು ಪಂದ್ಯ ಬಾಕಿ ಇದ್ದವು. ಇಲ್ಲವೇ ಎರಡೂ ಕಟ್ಟುಗಳನ್ನು ಕಳಿಸುವುದು. ಆ ಸಾಲನ್ನು ನಾನು ಹೊಡೆದುಹಾಕಿದೆ. ಪಕ್ಕದಲ್ಲಿ, ನಮ್ಮ ಟ್ವೆಲ್ವ್-ಯು ತಂಡದ ಎರಡು ಹಾಳೆಗಳು ಸತ್ಯವಲ್ಲ, ಅವುಗಳನ್ನು ಬರೆದವಳು ನಾನೇ, ವಿವರ ಲಗತ್ತಿಸಿದೆ ಎಂದು ಬರೆದೆ. ಊಟದ ಹೊತ್ತಿಗೆ ಮುಂಚೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಕಳಿಸಿ, ಡೈರೆಕ್ಟರಿಗೂ ಒಂದು ಪ್ರತಿ ಹಾಕಿದೆ.

ಸಮಿತಿ ಆನ್‌ಲೈನಿನಲ್ಲಿ ಸೇರಿತು. ಎಲ್ಲರೂ ಸ್ವಯಂಸೇವಕರು, ಅವರವರ ಅಡುಗೆಮನೆಗಳಲ್ಲಿ ಕೂತವರು. ವ್ಯಾಲಿಯ ಕೋಚ್ ಜ್ವರ ಎಂದ. ಐವರಿಗೂ ವೈದ್ಯರ ಚೀಟಿ ಇದೆಯೇ ಎಂದು ಒಬ್ಬ ಮಹಿಳೆ ಕೇಳಿದರು. ಇರಲಿಲ್ಲ. ನಮ್ಮ ಕೋಚಿಗೂ ಅದೇ ಪ್ರಶ್ನೆ. ಅವನಲ್ಲೂ ಇರಲಿಲ್ಲ. ಆಗ ಅವನು, ರಿಜಿಸ್ಟ್ರಾರೇ ಬರೆದ ಹಾಳೆ, ಅವರಿಗೆ ಅನುಮಾನವಿದ್ದರೆ ಆಗಲೇ ಹೇಳಬಹುದಿತ್ತಲ್ಲ ಎಂದ. ಹೇಳಬೇಕಿತ್ತು, ಹೇಳಲಿಲ್ಲ, ಅದು ನನ್ನ ತಪ್ಪು. ಆದರೆ ಮಕ್ಕಳಿಗೆ ಸುಳ್ಳು ಕಲಿಸಿದ್ದು ನಾನಲ್ಲ ಎಂದೆ. ಒಬ್ಬ ಸದಸ್ಯ, ಇದು ಎಲ್ಲ ಕಡೆ ಸ್ವಲ್ಪಸ್ವಲ್ಪ ನಡೆಯುವುದೇ, ಈ ಸಲ ಎಚ್ಚರಿಕೆ ಕೊಟ್ಟು ಬಿಟ್ಟುಬಿಡೋಣ ಎಂದರು. ಎಲ್ಲ ಕಡೆ ನಡೆಯುತ್ತದೆ ಎಂಬುದೇ ದೂರು ಎಂದು ಆ ಮಹಿಳೆ ಹೇಳಿದರು. ಅವರು ಆ ಮರುಭೂಮಿ ಕಡೆಯ ಕ್ಲಬ್ಬಿನವರು ಎಂದು ನನಗೆ ಆಮೇಲೆ ತಿಳಿಯಿತು.

ಶುಕ್ರವಾರ ತೀರ್ಮಾನ ಬಂತು. ವ್ಯಾಲಿಯ ಟೆನ್-ಯು ತಂಡ ‘ಬಿಬಿ’ಗೆ. ನಮ್ಮ ಟ್ವೆಲ್ವ್-ಯು ತಂಡವೂ ‘ಬಿಬಿ’ಗೆ. ಇಬ್ಬರ ಅಂಕಗಳೂ ರದ್ದು. ಇಬ್ಬರು ಕೋಚುಗಳಿಗೂ ಕೆಲವು ಪಂದ್ಯ ನಿಷೇಧ.

ಮುಂದಿನ ಪ್ರಾಕ್ಟೀಸಿನ ಸಂಜೆ ಆ ತಂದೆ ಬಂದರು. ಇಬ್ಬರು ಮಕ್ಕಳೂ ಹಿಂದೆ, ಚೀಲ ಹೊತ್ತುಕೊಂಡು. ಚಿಕ್ಕವಳ ಹೆಗಲ ಮೇಲೆ ಮತ್ತೆ ಪ್ಯಾಡುಗಳನ್ನು ಕಂಡು ನನಗೆ ಒಂದು ಕ್ಷಣ ಸಂತೋಷವಾಯಿತು. ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

“ನಾನು ನಿಮ್ಮ ಹತ್ರ ಬಂದದ್ದು ಎಂತಕ್ಕೆ ಅಕ್ಕ? ಸಣ್ಣವಳಿಗೆ ಅನ್ಯಾಯ ಆಯ್ತು ಅಂತ. ನೀವು ದೊಡ್ಡವಳ ಸೀಸನ್ ಹಾಳು ಮಾಡಿ ಇಟ್ಟಿದ್ದೀರಿ. ನಮ್ಮ ಕ್ಲಬ್ ಅಂತ ಒಂದು ಇಲ್ವಾ ನಿಮಗೆ? ನಮ್ಮವರು ಅಂತ ಇಲ್ವಾ?”

ಲಾಬಿಯಲ್ಲಿ ಹತ್ತಾರು ಜನ ಇದ್ದರು. ಕನ್ನಡ ಅರ್ಥವಾಗದಿದ್ದರೂ ದನಿ ಎಲ್ಲರಿಗೂ ಅರ್ಥವಾಗುತ್ತಿತ್ತು. ನಾನು ಸಾಧ್ಯವಾದಷ್ಟು ಮೆಲ್ಲಗೆ ಕೇಳಿದೆ:

“ಪ್ಲೇಸ್‌ಮೆಂಟ್ ದಿನ ಅವಳಿಗೆ ನಿಜವಾಗ್ಲೂ ಹುಷಾರಿರ್ಲಿಲ್ವಾ?”

ಅವರು ಬಾಯಿ ತೆರೆಯುವ ಮೊದಲೇ ದೊಡ್ಡವಳು ಉತ್ತರ ಕೊಟ್ಟಳು. ಆ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಇಂಗ್ಲಿಷಿನಲ್ಲೇ. ತನಗೆ ಚೆನ್ನಾಗೇ ಇತ್ತು ಎಂದಳು. ಕೋಚ್ ಮೂವರನ್ನೂ ಕರೆದು, ಇವತ್ತು ಆಡಬೇಡಿ, ಯಾರಾದರೂ ಕೇಳಿದರೆ ಹೊಟ್ಟೆನೋವು ಅನ್ನಿ ಎಂದಿದ್ದ. ತಾನು ಆಡಬೇಕು ಎಂದು ಹಟ ಮಾಡಿದ್ದಳು. ಆಮೇಲೆ ತಂದೆಯ ಕಡೆ ತಿರುಗಿ, ದನಿ ಏರಿಸದೆ, ಒಂದೇ ವಾಕ್ಯ ಹೇಳಿದಳು: ನಾನು ಕಾರಿನಲ್ಲಿ ಅಳುತ್ತಿದ್ದಾಗ, ಕೋಚ್ ಹೇಳಿದ ಹಾಗೆ ಕೇಳು, ಈ ವರ್ಷ ಟ್ರೋಫಿ ಸಿಗುತ್ತದೆ ಎಂದವರು ನೀವೇ ಅಲ್ಲವೇ ಅಪ್ಪ.

ಅವರು ಚೀಲಗಳನ್ನು ಅವಳ ಕೈಯಿಂದ ತೆಗೆದುಕೊಂಡು ಬೆಂಚಿನ ಕಡೆ ನಡೆದರು. ನನಗೆ ಆಗ ಗೆದ್ದೆ ಅನ್ನಿಸಲಿಲ್ಲ. ಇನ್ನೂ ಸಿಟ್ಟು ಬಂತು. ಹದಿಮೂರು ಗೋಲು ತಿಂದ ಮಗಳಿಗಾಗಿ ನನ್ನ ಕೌಂಟರಿನ ಮೇಲೆ ಕೈಯೂರಿ ನಿಂತಾಗ, ಈ ಮನುಷ್ಯನಿಗೆ ಇನ್ನೊಬ್ಬ ಮಗಳನ್ನು ತಾನೇ ಸುಮ್ಮನೆ ಕೂರಿಸಿದ್ದು ನೆನಪಿರಲಿಲ್ಲವೆ? ಇತ್ತು. ಎರಡೂ ಒಂದೇ ಎಂದು ಮಾತ್ರ ಅವರಿಗೆ ತೋಚಿರಲಿಲ್ಲ.

ಚಿಕ್ಕವಳ ತಂಡ ಮುಂದಿನ ವಾರ ಆಡಿ ಮೂರು–ಎರಡರಲ್ಲಿ ಸೋತಿತು. ಬಿಡಬಾರದ ಗೋಲು ಒಂದನ್ನು ಬಿಟ್ಟೆ ಎಂದು ಅವಳು ಹೆಲ್ಮೆಟ್ಟನ್ನು ಬೆಂಚಿಗೆ ಬಡಿದಳಂತೆ. ಟ್ವೆಲ್ವ್-ಯು ತಂಡ ‘ಬಿಬಿ’ಯಲ್ಲಿ ಮೊದಲ ಮೂರು ಪಂದ್ಯ ಸೋತು, ನಾಲ್ಕನೆಯದನ್ನು ಬೆವರು ಸುರಿಸಿ ಗೆದ್ದಿತು. ಆಮೇಲೆ ಅವರು ಅಲ್ಲಿಗೆ ಸರಿಯಾದವರೇ ಎಂದು ಎಲ್ಲರಿಗೂ ಕಂಡಿತು.

ಆ ತಿಂಗಳು ಡೈರೆಕ್ಟರ್ ಎಲ್ಲ ಪೋಷಕರಿಗೂ ಒಂದು ಮೇಲ್ ಕಳಿಸಿದ. ನಮ್ಮ ಕ್ಲಬ್ ತಾನಾಗಿಯೇ ಮುಂದೆ ಬಂದು ತನ್ನ ತಪ್ಪನ್ನು ಲೀಗಿನ ಗಮನಕ್ಕೆ ತಂದಿದೆ, ಪ್ರಾಮಾಣಿಕತೆ ನಮ್ಮ ಕ್ಲಬ್ಬಿನ ಉಸಿರು ಎಂದು ಅದರಲ್ಲಿತ್ತು. ಎರಡು ಸಲ ಓದಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ, ಅದು ನನಗೆ ಬೇಕಾಗಿಯೂ ಇರಲಿಲ್ಲ. ಆದರೆ ಆ ‘ತಾನಾಗಿಯೇ’ ಎಂಬ ಮಾತು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಅದೇ ವಾರದಿಂದ ನನ್ನನ್ನು ಸ್ಕೋರ್ ಬರೆಯಲು ಕರೆಯುವುದು ನಿಂತಿತು. ವಸಂತದಲ್ಲಿ ಡೈರೆಕ್ಟರ್, ರಿಜಿಸ್ಟ್ರಾರ್ ಕೆಲಸವನ್ನು ಫ್ರಂಟ್ ಆಫೀಸಿನ ಜೊತೆ ಸೇರಿಸುತ್ತಿದ್ದೇವೆ, ನೀನು ಬೇಕಾದರೆ ಬಾಡಿಗೆ ಸ್ಕೇಟ್ ಕೊಡುವ ಕೌಂಟರಿನಲ್ಲಿ ಇರಬಹುದು ಎಂದ. ಬೇಡ ಎಂದು ಕೆಲಸ ಬಿಟ್ಟು ಬಂದೆ. ಲೀಗು ಮಾತ್ರ ಒಂದು ನಿಯಮ ತಂದಿತು: ಪ್ಲೇಸ್‌ಮೆಂಟಿನಲ್ಲಿ ಮಗು ಆಡದಿದ್ದರೆ ಕೋಚಿನ ಮಾತು ಸಾಲದು, ತಂದೆ ಅಥವಾ ತಾಯಿ ಕಾರಣ ಬರೆದು ಸಹಿ ಹಾಕಬೇಕು. ಪೋಷಕರು ಸುಳ್ಳು ಸಹಿ ಹಾಕುವುದಿಲ್ಲ ಎಂದು ಅವರು ನಂಬಿದ್ದಾರೆ. ನಾನು ಆ ಸಮಿತಿಯಲ್ಲಿ ಇದ್ದಿದ್ದರೆ ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ.

ಬೇಸಿಗೆಯಲ್ಲಿ ಮೀರಾ ಮೆಸಾದ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಆ ತಂದೆ ಸಿಕ್ಕರು. ಆ ಸಂಜೆಯ ನಂತರ ಅವರು ನನ್ನ ಹತ್ತಿರ ಮಾತಾಡಿರಲಿಲ್ಲ. ತಪ್ಪಿಸಿಕೊಂಡು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ, ಸಾಮಾನಿನ ತಳ್ಳುಗಾಡಿ ನಿಲ್ಲಿಸಿದರು.

“ದೊಡ್ಡವಳಿಗೆ ಸಾರಿ ಹೇಳಿದೆ ಅಕ್ಕ” ಎಂದರು.

“ಏನಂದ್ಲು?”

“ನನಗಲ್ಲ ಹೇಳ್ಬೇಕಾದ್ದು, ನಾವು ಒಂಬತ್ತು ಗೋಲು ಹೊಡೆದ್ವಲ್ಲ, ಆ ಟೀಮಿನ ಗೋಲ್‌ಕೀಪರಿಗೆ ಹೇಳಿ ಅಂದ್ಲು.”

“ಹೇಳಿದ್ರಾ?”

“ಅವರು ಯಾರು, ಎಲ್ಲಿಯವರು ಅಂತಲೇ ಗೊತ್ತಿಲ್ಲ ನನಗೆ.”

ಆ ಕ್ಲಬ್ಬಿನ ಕೋಚಿನ ಮೇಲ್ ಐಡಿ ನನ್ನ ಫೋನಿನಲ್ಲಿದೆ, ಕಳಿಸ್ತೀನಿ ಎಂದೆ. ಪಾರ್ಕಿಂಗಿನಲ್ಲಿ, ಕಾರಿನ ಬಾಗಿಲು ತೆರೆಯುವ ಮೊದಲೇ ಕಳಿಸಿದೆ.